ಟ್ರಂಕಿನೊಳಗಿನ ಮುತ್ತಿಗೆ

ನನ್ನ ಮಂಚದ ಕೆಳಗಿನ ಕಬ್ಬಿಣದ ಟ್ರಂಕಿನಲ್ಲಿ ಐದು ಕೋಟೆಗಳಿವೆ. ಬೆಂಗಳೂರು, ನಂದಿದುರ್ಗ, ಸಾವನದುರ್ಗ, ಹುತ್ರಿದುರ್ಗ, ಶ್ರೀರಂಗಪಟ್ಟಣ. ಐದೂ 1791ರಿಂದ 1799ರೊಳಗೆ ಮುತ್ತಿಗೆಗೆ ಸಿಕ್ಕಿ ಬಿದ್ದಂಥವು. ‘ಬಿದ್ದೋದ ಕೋಟೇನೆಲ್ಲ ಮನೇಲಿ ಇಟ್ಕಂಡ್ರೆ ಕೆಲ್ಸ ಎಲ್ಲಿಂದ ಸಿಕ್ಕೀತಪ್ಪ?’ ಎನ್ನುವುದು ಅಮ್ಮನ ಪ್ರಶ್ನೆ. ಇತಿಹಾಸದಲ್ಲಿ ಎಂ.ಎ. ಮುಗಿಸಿ ಮೂರು ವರ್ಷವಾದರೂ ಇನ್ನೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಮಗನ ಹತ್ತಿರ ಇದಕ್ಕೆ ಉತ್ತರವಿಲ್ಲ.

ಟ್ರಂಕಿನಲ್ಲಿರುವುದು ಹಾಳೆಗಳು, ಒಟ್ಟು 11. ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಲಂಡನ್ನಿನಲ್ಲಿ ತಾಮ್ರದ ತಗಡಿನ ಮೇಲೆ ಕೆತ್ತಿ, ಮಸಿ ತುಂಬಿ, ಅಚ್ಚು ಹಾಕಿದ ಚಿತ್ರಗಳು ಮತ್ತು ಯುದ್ಧದ ನಕ್ಷೆಗಳು. ಊರಿನಲ್ಲಿ ಇದನ್ನು ವಿವರಿಸುವುದೇ ಒಂದು ಕಷ್ಟ. ‘ತಾಮ್ರ’ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ತಾಮ್ರಪಟ, ಅಂದರೆ ಶಾಸನ. ಒಮ್ಮೆ ಪಕ್ಕದ ಬೀದಿಯ ಅಜ್ಜ ಬಂದು, ನಿಧಿಯ ಜಾಗ ಬರೆದಿದೆಯಾ ಎಂದು ಗುಟ್ಟಾಗಿ ಕೇಳಿ ಹೋದರು.

ನಮ್ಮದು ಹೊಸದುರ್ಗ ತಾಲ್ಲೂಕಿನ ಮತ್ತೋಡು. ಒಂದು ಕಾಲಕ್ಕೆ ಪಾಳೆಯಗಾರರ ಊರು, ಗಾಜಿನ ಬಳೆಯ ಊರು. ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಕೋಟೆ ಹೊಸದಲ್ಲ. ಬತೇರಿ, ಕಂದಕ, ದಿಡ್ಡಿ ಬಾಗಿಲು, ಕಳ್ಳಗಂಡಿ ಎಂಬ ಪದಗಳನ್ನು ನಾವು ಪಠ್ಯಪುಸ್ತಕಕ್ಕಿಂತ ಮೊದಲು ಶಾಲೆಯ ಪ್ರವಾಸದಲ್ಲಿ ಕಲಿತವರು. ಆದರೆ ಕೋಟೆಯನ್ನು ಹೊರಗಿನಿಂದ, ಅದನ್ನು ಒಡೆಯಲು ಬಂದವನ ಕಣ್ಣಿನಿಂದ ನಾನು ನೋಡಿದ್ದು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ. ಹಳೇ ಪುಸ್ತಕದ ರಾಶಿಯ ನಡುವೆ ರಟ್ಟಿಗೆ ಅಂಟಿಸಿದ ಒಂದು ಸಾವನದುರ್ಗ ಸಿಕ್ಕಿತು. ಅಂಚು ಹುಳು ತಿಂದಿತ್ತು. 1,800 ರೂಪಾಯಿ. ನನ್ನ ಪಿ.ಜಿ.ಯ ಆ ತಿಂಗಳ ಊಟದ ದುಡ್ಡು.

ಅದು ರಾಬರ್ಟ್ ಹೋಮ್ ಎಂಬ ಚಿತ್ರಕಾರನದು. 1791ರಲ್ಲಿ ಮದ್ರಾಸಿಗೆ ಬಂದಿಳಿದ ಈತ, ಟಿಪ್ಪುವಿನ ಮೇಲೆ ದಂಡೆತ್ತಿ ಹೊರಟಿದ್ದ ಕಾರ್ನ್‌ವಾಲಿಸನ ಸೈನ್ಯದ ಜೊತೆ ಮೈಸೂರು ಸೀಮೆಗೆ ಕಾಲಿಟ್ಟ. ದಾರಿಯಲ್ಲಿ ಬರೆದ ಚಿತ್ರಗಳು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ಅದೇ ವರ್ಷ ಅಲೆಕ್ಸಾಂಡರ್ ಅಲನ್ ಮತ್ತು ರಾಬರ್ಟ್ ಕೋಲ್‌ಬ್ರೂಕ್ ಎಂಬ ಇಬ್ಬರು ಸೇನಾಧಿಕಾರಿಗಳೂ ಮೈಸೂರು ಸೀಮೆಯ ಚಿತ್ರಸಂಪುಟಗಳನ್ನು ಹೊರತಂದರು. ಒಂದೇ ವರ್ಷ, ಒಂದೇ ನಗರ, ಮೂರು ಪುಸ್ತಕ, ಮೂರರಲ್ಲೂ ನಮ್ಮ ಬೆಟ್ಟಗುಡ್ಡ. ಇವತ್ತು ಕ್ರಿಕೆಟ್ ಪಂದ್ಯ ಮುಗಿದ ಅರ್ಧ ಗಂಟೆಯಲ್ಲಿ ಹೈಲೈಟ್ಸ್ ಬರುತ್ತದಲ್ಲ, ಆಗಿನ ಲಂಡನ್ನಿಗೆ ಇದು ಆ ಥರದ ಸರಕು. ಸ್ವಲ್ಪ ನಿಧಾನ, ಅಷ್ಟೇ.

ಕಾರ್ನ್‌ವಾಲಿಸನ ಬಗ್ಗೆ ಒಂದು ಮಾತು. 1781ರ ಅಕ್ಟೋಬರ್‌ನಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಇದೇ ಮನುಷ್ಯ ಮುತ್ತಿಗೆಯೊಳಗೆ ಸಿಕ್ಕಿಬಿದ್ದು ಶರಣಾಗಿದ್ದ. ಹತ್ತು ವರ್ಷ ಕಳೆದು, 1791ರ ಅಕ್ಟೋಬರ್‌ನಲ್ಲಿ ಅವನ ಸೈನ್ಯ ನಂದಿದುರ್ಗಕ್ಕೆ ಲಗ್ಗೆ ಹತ್ತಿತು. ಸೋತ ಪಾಠವನ್ನು ನಮ್ಮ ಮೇಲೆ ಪ್ರಯೋಗ ಮಾಡಿದ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಈ ಹಾಳೆಗಳನ್ನು ಮಾಡುವ ವಿಧಾನ ತಿಳಿದ ಮೇಲೆ ನನ್ನ ಹುಚ್ಚು ಇಮ್ಮಡಿಯಾಯಿತು. ನಮ್ಮ ಮನೆಗಳಲ್ಲಿ ಮದುವೆಯ ಕೊಳಗ, ಬಿಂದಿಗೆಗಳ ಮೇಲೆ ಹೆಸರು ಕೆತ್ತಿಸುತ್ತಾರಲ್ಲ, ಅದನ್ನೇ ಕಲ್ಪಿಸಿಕೊಳ್ಳಿ. ನುಣುಪು ಮಾಡಿದ ತಾಮ್ರದ ತಗಡಿನಲ್ಲಿ ಚೂಪಾದ ಉಳಿಯಿಂದ ಗೆರೆ ತೋಡುತ್ತಾರೆ. ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿರಬೇಕು. ಇಡೀ ತಗಡಿಗೆ ಮಸಿ ಬಳಿದು ಮೇಲ್ಮೈಯನ್ನು ಒರೆಸಿಬಿಡುತ್ತಾರೆ. ಗೆರೆಯ ಗುಂಡಿಯಲ್ಲಿ ಮಾತ್ರ ಮಸಿ ಉಳಿಯುತ್ತದೆ. ಅದರ ಮೇಲೆ ಒದ್ದೆ ಮಾಡಿದ ಕಾಗದವಿಟ್ಟು ಭಾರಿ ಉರುಳೆಗಳ ನಡುವೆ ಹಾಯಿಸಿದರೆ ಕಾಗದವೇ ಗುಂಡಿಗಿಳಿದು ಮಸಿ ಎತ್ತಿಕೊಳ್ಳುತ್ತದೆ. ಅಕ್ವಾಟಿಂಟ್ ಎಂಬ ಇನ್ನೊಂದು ಬಗೆಯಲ್ಲಿ ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಬಿಸಿ ಮಾಡಿ, ಆಮ್ಲದಲ್ಲಿ ತಿನ್ನಿಸುತ್ತಾರೆ. ಮೋಡ, ಹೊಗೆ, ಬಂಡೆಯ ನೆರಳು ಜಲವರ್ಣದ ಹಾಗೆ ಬರುವುದು ಹೀಗೆ. ಅಲನ್ ಮತ್ತು ಕೋಲ್‌ಬ್ರೂಕರ ಚಿತ್ರಗಳು ಈ ಬಗೆಯವು.

ಅಸಲಿಯನ್ನು ಗುರುತಿಸುವುದೂ ಇಲ್ಲಿಂದಲೇ. ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗು ಇರಬೇಕು, ಅಂಚು ಕತ್ತರಿಸಿ ಹೋಗಿದ್ದರೆ ಬೇರೆ ಮಾತು. ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದರೆ ಮಸಿಯ ಗೆರೆ ಒಂದಿಷ್ಟು ಉಬ್ಬಿರುತ್ತದೆ. ಭೂತಗನ್ನಡಿ ಹಿಡಿದಾಗ ಪತ್ರಿಕೆಯ ಫೋಟೊದಲ್ಲಿರುವಂಥ ಸಾಲು ಸಾಲು ಚುಕ್ಕೆ ಕಂಡರೆ ಅದು ಈಚಿನ ನಕಲು, ನಮಸ್ಕಾರ ಹೇಳಿ ಬಂದುಬಿಡಿ. ಕಾಗದ ಚಿಂದಿ ಬಟ್ಟೆಯಿಂದ ಮಾಡಿದ್ದು, ಬೆಳಕಿಗೆ ಹಿಡಿದರೆ ಕೆಲವದರಲ್ಲಿ ‘ವಾಟ್‌ಮನ್’ ಎಂಬ ಕಾಗದದವನ ಹೆಸರು, ಅದೃಷ್ಟವಿದ್ದರೆ ಇಸವಿಯೂ ಕಾಣುತ್ತದೆ. ಇತಿಹಾಸದ ವಿದ್ಯಾರ್ಥಿಗೆ ಬೋನಸ್ ಎಂದರೆ ಚಿತ್ರದ ಕೆಳಗಿನ ಸಣ್ಣಕ್ಷರದ ಸಾಲು. ಹೊಗಾರ್ತ್ ಎಂಬ ಚಿತ್ರಕಾರನೂ ಅವನ ಗೆಳೆಯರೂ ಬೆನ್ನುಹತ್ತಿ 1735ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಕಾಯ್ದೆ ತಂದರು. ಹಕ್ಕು ಬೇಕಾದರೆ ಪ್ರಕಟಿಸಿದವನ ಹೆಸರು, ತಾರೀಖು ತಗಡಿನಲ್ಲೇ ಕೆತ್ತಿರಬೇಕು. ಹಾಗಾಗಿ ಬರೆದವನು ಯಾರು, ಕೆತ್ತಿದವನು ಯಾರು, ಯಾವ ದಿನ ಮಾರಾಟಕ್ಕೆ ಬಂತು ಎಲ್ಲವೂ ಹಾಳೆಯ ಮೇಲೆಯೇ ಇರುತ್ತದೆ.

ಮೊದಮೊದಲು ನನಗೆ ಇಷ್ಟವಾಗುತ್ತಿದ್ದುದು ತಾಳೆಮರ, ಬೆಟ್ಟ, ಸಂಜೆಯ ಬೆಳಕಿನ ಚಿತ್ರಗಳು. ಈಗ ನಕ್ಷೆಗಳು. ಮುತ್ತಿಗೆಯ ನಿಜ ಇರುವುದು ನಕ್ಷೆಯಲ್ಲಿ. ಯುರೋಪಿನಲ್ಲಿ ಇದಕ್ಕೊಂದು ಪರಂಪರೆಯೇ ಇದೆ. ಬ್ರೆಡಾ ಪಟ್ಟಣದ ಮುತ್ತಿಗೆಯನ್ನು ಜಾಕ್ ಕಾಲೋ ಎಂಬ ಫ್ರೆಂಚ್ ಕೆತ್ತನೆಗಾರ 1628ರ ಹೊತ್ತಿಗೆ ಆರು ತಗಡುಗಳಲ್ಲಿ ಕೆತ್ತಿದ. ಆರೂ ಹಾಳೆ ಜೋಡಿಸಿದರೆ ಹಕ್ಕಿಯ ಕಣ್ಣಿಗೆ ಕಾಣುವಂಥ ಒಂದು ಸೀಮೆ, ಅದರಲ್ಲಿ ಇರುವೆಯಷ್ಟು ಸಣ್ಣ ಸೈನಿಕರು. ಆಮೇಲೆ ಬಂದ ವೋಬಾನ್ ಎಂಬ ಫ್ರೆಂಚ್ ಎಂಜಿನಿಯರ್ 1673ರಲ್ಲಿ ಮಾಸ್ಟ್ರಿಕ್ಟ್ ಮುತ್ತಿಗೆಯಲ್ಲಿ ಹೊಸ ಲೆಕ್ಕ ತೋರಿಸಿದ. ಕೋಟೆಗೆ ಸಮಾನಾಂತರವಾಗಿ ಕಂದಕ ತೋಡು, ಅಲ್ಲಿಂದ ಅಂಕುಡೊಂಕಾಗಿ ಮುಂದೆ ತೋಡು, ಮತ್ತೆ ಸಮಾನಾಂತರ ಕಂದಕ, ಕೊನೆಗೆ ತೋಪುಗಳನ್ನು ಗೋಡೆಯ ಹತ್ತಿರಕ್ಕೆ ತಂದು ಒಂದೇ ಜಾಗಕ್ಕೆ ಹೊಡೆ. ಅಂಕುಡೊಂಕು ಯಾಕೆಂದರೆ, ನೇರ ತೋಡಿದರೆ ಕೋಟೆಯ ಮೇಲಿನವನು ಉದ್ದಕ್ಕೂ ಗುಂಡು ಹಾರಿಸುತ್ತಾನೆ.

ಅಲೆಕ್ಸಾಂಡರ್ ಬೀಟ್ಸನ್ 1800ರಲ್ಲಿ ಪ್ರಕಟಿಸಿದ ಪುಸ್ತಕದ ಶ್ರೀರಂಗಪಟ್ಟಣದ ನಕ್ಷೆಯೊಂದು ನನ್ನಲ್ಲಿದೆ. ಮಡಿಕೆಯಲ್ಲಿ ಹರಿದಿದೆ, ಅದಕ್ಕೇ ನನಗೆ ದಕ್ಕಿತು. ಅದರಲ್ಲಿ ವೋಬಾನನ ಪಾಠ ಕಾವೇರಿಯ ದಂಡೆಗೆ ಬಂದು ನಿಂತಿದೆ. ಕಂದಕಗಳು, ತೋಪಿನ ದಿಬ್ಬಗಳು, ವಾಯವ್ಯದ ಮೂಲೆಯ ಹತ್ತಿರ ಗೋಡೆ ಒಡೆದ ಜಾಗ. ಮೇ ತಿಂಗಳು, ಹೊಳೆಯಲ್ಲಿ ನೀರು ಕಡಿಮೆ. ಮಳೆ ಹಿಡಿದರೆ ನದಿಯೇ ಕಂದಕವಾಗಿಬಿಡುತ್ತದೆ, ಆದ್ದರಿಂದ ಅಷ್ಟರೊಳಗೆ ಮುಗಿಸಬೇಕು. 1799ರ ಮೇ 4ರ ಮಧ್ಯಾಹ್ನ ಹೊಳೆ ದಾಟಿದರು, ಸಂಜೆಯೊಳಗೆ ಎಲ್ಲ ಮುಗಿದಿತ್ತು. ಟಿಪ್ಪುವಿನ ಸಾವನ್ನು ನಾವು ದ್ರೋಹ, ವಿಧಿ ಎಂದೆಲ್ಲ ಓದಿದ್ದೇವೆ. ಈ ನಕ್ಷೆಯ ಮುಂದೆ ಕೂತರೆ ಅದು ಮಣ್ಣು ತೋಡುವ ಕೆಲಸವಾಗಿಯೂ, ಮಳೆಗಾಲದ ಲೆಕ್ಕವಾಗಿಯೂ ಕಾಣುತ್ತದೆ.

ಈಗ ಇದಕ್ಕೆ ವಿರುದ್ಧದ ಕಥೆ ಕೇಳಿ. ಆ ಮೇ ತಿಂಗಳು ಮುಗಿದು ಒಂದು ವರ್ಷವಾಗುವಷ್ಟರಲ್ಲಿ, 1800ರ ಏಪ್ರಿಲ್‌ನಲ್ಲಿ, ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ಜನ ದುಡ್ಡು ಕೊಟ್ಟು ಶ್ರೀರಂಗಪಟ್ಟಣದ ಲಗ್ಗೆಯನ್ನು ನೋಡಿದರು. ನೂರು ಅಡಿಗೂ ಉದ್ದದ ಒಂದೇ ಚಿತ್ರ. ಬರೆದವನು ರಾಬರ್ಟ್ ಕೆರ್ ಪೋರ್ಟರ್. ವಯಸ್ಸು ಇನ್ನೂ 23 ಮುಟ್ಟುತ್ತಿತ್ತು, ನನಗಿಂತ ಚಿಕ್ಕವನು. ಶ್ರೀರಂಗಪಟ್ಟಣವನ್ನು ಕಣ್ಣಾರೆ ಕಂಡವನಲ್ಲ. ಕೆಲವೇ ವಾರಗಳಲ್ಲಿ ಮುಗಿಸಿದನಂತೆ. ಆ ಭಾರಿ ಚಿತ್ರ ಆಮೇಲೆ ಬೆಂಕಿಗೆ ಆಹುತಿಯಾಯಿತು. ಆದರೆ ಅಷ್ಟರಲ್ಲಿ ವೆಂಡ್ರಾಮಿನಿ ಎಂಬ ಇಟಲಿಯ ಕೆತ್ತನೆಗಾರ ಅದನ್ನು ಮೂರು ತಗಡುಗಳಿಗೆ ಇಳಿಸಿದ್ದ. ಹಾಗಾಗಿ ನೋಡದವನು ಬರೆದ ಲಗ್ಗೆಯೇ ಜಗತ್ತಿನ ಕಣ್ಣಿನಲ್ಲಿ ಉಳಿಯಿತು. ನಮ್ಮ ಪಠ್ಯಪುಸ್ತಕಗಳಲ್ಲಿ, ಪೋಸ್ಟರ್‌ಗಳಲ್ಲಿ ನೀವು ನೋಡಿರುವ, ಕತ್ತಿ ಎತ್ತಿ ನಿಂತ ಅಧಿಕಾರಿ, ಸುತ್ತ ಹೊಗೆ, ಉರುಳಿದ ಹೆಣ ಎಂಬ ಆ ಠೀವಿಗೆ ಮೂಲ ಇಂಥ ಚಿತ್ರಗಳೇ. ವೆಂಡ್ರಾಮಿನಿಯ ಹಾಳೆ ಕೊಳ್ಳುವ ಶಕ್ತಿ ನನಗಿಲ್ಲ, ಬಿಡಿ.

ನನ್ನ ಸಂಗ್ರಹದ ಅತಿ ಕಟುವಾದ ವಿಮರ್ಶಕರು ಅಪ್ಪ. ಬೆಂಗಳೂರಿನ ಮುತ್ತಿಗೆಯ ಹಾಳೆಯ ಒಂದು ಮೂಲೆಯಲ್ಲಿ ತೋಪು ಎಳೆಯುತ್ತಿರುವ ಎತ್ತುಗಳಿವೆ. ಕನ್ನಡಕ ಹಾಕಿಕೊಂಡು ಸ್ವಲ್ಪ ಹೊತ್ತು ನೋಡಿ, ‘ಇವ್ನು ಎತ್ತು ಹೂಡೋದನ್ನ ದೂರದಿಂದ ನೋಡ್ಯವ್ನೆ ಅಷ್ಟೇ. ಈ ನೊಗ ಹಿಂಗಿದ್ರೆ ಎತ್ತು ನಾಕ್ ಹೆಜ್ಜೆ ಇಡಾಕಿಲ್ಲ’ ಎಂದರು. ಅಲ್ಲಿಂದ ನಾನು ಚಿತ್ರಗಳ ನಡುವನ್ನು ಬಿಟ್ಟು ಮೂಲೆಗಳನ್ನು ನೋಡಲು ಕಲಿತೆ. ನಿಜಕ್ಕೂ ಆ ಯುದ್ಧವನ್ನು ನಿರ್ಧರಿಸಿದ್ದು ಮೂಲೆಯ ಎತ್ತುಗಳೇ. 1791ರ ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆ ಹಿಡಿದ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದವರೆಗೂ ಹೋದ. ಅಷ್ಟರಲ್ಲಿ ಎತ್ತುಗಳು ಸತ್ತು, ದವಸ ಮುಗಿದು, ಎಳೆದು ತಂದ ಭಾರಿ ತೋಪುಗಳನ್ನು ತಾನೇ ಒಡೆಸಿಹಾಕಿ ವಾಪಸಾದ. ಮುಂದೆ ಅವನ ಸೈನ್ಯಕ್ಕೆ ಕಾಳು ತಂದು ಸುರಿದವರು ಬಂಜಾರರು, ನಮ್ಮ ಸುತ್ತಲ ತಾಂಡಾಗಳ ಲಂಬಾಣಿಗರ ಹಿರಿಯರು. ಟಿಪ್ಪುವಿನ ತೋಪು ಎಳೆದ ಅಮೃತಮಹಲ್ ತಳಿಯ ಕಾವಲುಗಳು ನಮ್ಮ ಸೀಮೆಯಲ್ಲೇ ಇದ್ದವು. ಎರಡೂ ಕಡೆಯ ಯುದ್ಧ ನಡೆದದ್ದು ನಮ್ಮವರ ಬೆನ್ನಿನ ಮೇಲೆ. ಹಾಳೆಯಲ್ಲಿ ಅವರ ಅಳತೆ ಅರ್ಧ ಇಂಚು.

ಬೆಂಗಳೂರು ಪೇಟೆಯ ಬಾಗಿಲಲ್ಲಿ ಮಾರ್ಚ್ 7ರಂದು ಸತ್ತ ಕರ್ನಲ್ ಮೂರ್‌ಹೌಸನ ಸಾವನ್ನು ಹೋಮ್ ದೊಡ್ಡ ಚಿತ್ರವಾಗಿಯೇ ಬರೆದಿದ್ದಾನೆ. ಎರಡು ವಾರದ ಬಳಿಕ ಕೋಟೆ ಬಿಡದೆ ಹೋರಾಡಿ ಸತ್ತ ಕಿಲ್ಲೇದಾರ ಬಹಾದ್ದೂರ್ ಖಾನ್ ನನ್ನ ಟ್ರಂಕಿನ ಯಾವ ಹಾಳೆಯಲ್ಲೂ ಇಲ್ಲ. ಕೆ.ಆರ್. ಮಾರುಕಟ್ಟೆಯ ಹತ್ತಿರ ಉಳಿದಿರುವ ಕೋಟೆಯ ತುಂಡಿಗೆ ಹೋದರೆ ಗೋಡೆಯ ಮೇಲೊಂದು ಫಲಕ ಕಾಣುತ್ತದೆ. ಇಲ್ಲಿ ಒಡೆದು ಬ್ರಿಟಿಷರು ಒಳನುಗ್ಗಿದರು ಎಂಬುದು ಅದರ ಸಾರ. ಅದೂ ಒಡೆದವರು ಹಾಕಿದ್ದು.

ಹಾಗಾದರೆ ನಮ್ಮವರು ಯುದ್ಧದ ಚಿತ್ರ ಬರೆಯಿಸಲಿಲ್ಲವೇ? ಬರೆಯಿಸಿದರು. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಡುವಣ ಗೋಡೆಗೆ ಹೋಗಿ ನಿಲ್ಲಿ. 1780ರ ಪೊಲ್ಲಿಲೂರು ಕದನದಲ್ಲಿ ಹೈದರ್, ಟಿಪ್ಪು ಇಬ್ಬರೂ ಸೇರಿ ಇಂಗ್ಲಿಷರನ್ನು ಬಗ್ಗುಬಡಿದ ದೃಶ್ಯ ಗೋಡೆ ತುಂಬ ಇದೆ. ಮದ್ದಿನ ಬಂಡಿ ಸಿಡಿಯುತ್ತಿದೆ, ಗಾಯಗೊಂಡ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿದ್ದಾನೆ. ನನ್ನ ಕಣ್ಣಿಗೆ ಪೋರ್ಟರ್‌ನ ಲಗ್ಗೆಗಿಂತ ಎಷ್ಟೋ ಜೀವಂತವಾದ ಚಿತ್ರ. ಆದರೆ ಗೋಡೆ ಎಲ್ಲಿಗೂ ಹೋಗುವುದಿಲ್ಲ. ತಾಮ್ರದ ತಗಡು ನೂರಾರು ಹಾಳೆಯಾಗಿ ಹಡಗು ಹತ್ತುತ್ತದೆ, ಕೋಣೆ ಕೋಣೆಯ ಗೋಡೆಗೆ ಹೋಗುತ್ತದೆ. ಆ ಗೋಡೆಯ ಚಿತ್ರಕ್ಕೆ ಕೂಡ ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬಣ್ಣ ಹಚ್ಚಿಸಿದ್ದು ಕಂಪನಿಯವರೇ.

ಇನ್ನು ಚಿತ್ರದುರ್ಗ. 1779ರಲ್ಲಿ ಹೈದರ್ ಅಲಿ ಮದಕರಿ ನಾಯಕರಿಂದ ದುರ್ಗವನ್ನು ಕಿತ್ತುಕೊಂಡ ಮುತ್ತಿಗೆಯ ಒಂದೇ ಒಂದು ತಾಮ್ರದ ಅಚ್ಚು ಇಷ್ಟು ವರ್ಷ ಜಾಲಾಡಿದರೂ ನನ್ನ ಕೈಗೆ ಬಂದಿಲ್ಲ. ಅದರಲ್ಲಿ ಇಂಗ್ಲಿಷರು ಗೆದ್ದಿರಲಿಲ್ಲ, ಸೋತೂ ಇರಲಿಲ್ಲ. ಲಂಡನ್ನಿನಲ್ಲಿ ಅದನ್ನು ಕೊಳ್ಳುವವರು ಯಾರು? ನಮ್ಮ ಮುತ್ತಿಗೆ ಉಳಿದದ್ದು ಹಾಡಿನಲ್ಲಿ, ಓಬವ್ವನ ಕಿಂಡಿಯಲ್ಲಿ, ತ.ರಾ.ಸು. ಕಾದಂಬರಿಗಳಲ್ಲಿ. ಊರಿನ ಹೈಸ್ಕೂಲಿನಲ್ಲಿ ಒಂದು ಶನಿವಾರ ನನ್ನ ಹಾಳೆಗಳ ಜೆರಾಕ್ಸ್ ಪ್ರತಿಗಳನ್ನು ದಾರಕ್ಕೆ ಸಿಕ್ಕಿಸಿ ತೋರಿಸಿದ್ದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎಲ್ಲವನ್ನೂ ನೋಡಿ ಮುಗಿಸಿ, ‘ಸಾರ್, ಇದ್ರಾಗೆ ನೀರು ತರೋರು ಯಾರೂ ಇಲ್ವಲ್ಲ’ ಎಂದಳು. ಓಬವ್ವನ ಕಥೆ ಶುರುವಾಗುವುದೇ ನೀರಿನಿಂದ. ಗಂಡ ಊಟಕ್ಕೆ ಕೂತಿದ್ದಾನೆ, ಇವಳು ನೀರಿಗೆ ಹೋಗಿದ್ದಾಳೆ, ಕಿಂಡಿಯಲ್ಲಿ ಸದ್ದು. ಹೊರಗಿನಿಂದ ಬರೆದ ಯಾವ ಮುತ್ತಿಗೆಯ ಚಿತ್ರಕ್ಕೂ ಆ ಕೊಡ ಕಾಣುವುದಿಲ್ಲ.

ನಮ್ಮ ಸೀಮೆಗೆ ಆ ಯುದ್ಧಗಳು ತಂದದ್ದೇನು ಎಂಬುದು ಚಿತ್ರಕ್ಕಿಂತ ಬರಹದಲ್ಲಿ ಸಿಗುತ್ತದೆ. ಟಿಪ್ಪು ಸತ್ತ ಮೇಲೆ ಕಂಪನಿಯ ಆಜ್ಞೆಯಂತೆ ದೇಶ ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನ ಪ್ರವಾಸ ಗ್ರಂಥ 1807ರಲ್ಲಿ ಮೂರು ಸಂಪುಟಗಳಲ್ಲಿ ಬಂತು. ಹಿರಿಯೂರಿನ ಕಡೆ ಪರಶುರಾಮ ಭಾವೂನ ಮರಾಠಾ ದಂಡು ಹಾದು ಹೋದ ಮೇಲೆ ಊರುಗಳು ಹೇಗೆ ಹಾಳು ಸುರಿದವು, ಜನ ಹೇಗೆ ಹಸಿವಿಗೆ ಸಿಕ್ಕರು ಎಂಬುದನ್ನು ಅವನು ದಾಖಲಿಸಿದ್ದಾನೆ. ಅದೇ ಗ್ರಂಥದಲ್ಲಿ ನಮ್ಮ ಮತ್ತೋಡೂ ಇದೆ, ಅವನ ಕಿವಿಗೆ ಬಿದ್ದಂಥ ವಿಚಿತ್ರ ಕಾಗುಣಿತದಲ್ಲಿ, ಗಾಜಿನ ಬಳೆ ಮಾಡುವ ಊರಾಗಿ. ಹೆಂಗಸರ ಕೈಬಳೆಯ ಗಾಜನ್ನು ಹೇಗೆ ಕಾಯಿಸುತ್ತಾರೆ ಎಂದು ಕೂತು ವಿಚಾರಿಸಿಕೊಂಡಿದ್ದಾನೆ. ಮುತ್ತಿಗೆಗಳ ಬೆನ್ನಿಗೇ ಒಬ್ಬ ಇಂಗ್ಲಿಷರ ಕಡೆಯವನು ನಮ್ಮೂರಲ್ಲಿ ಬಳೆಯ ಬಗ್ಗೆ ಕೇಳುತ್ತಿದ್ದ ಎಂಬ ಸಂಗತಿ ನನಗೆ ಯಾವ ಯುದ್ಧಚಿತ್ರಕ್ಕಿಂತಲೂ ಹೆಚ್ಚು ಇಷ್ಟ.

ದುಡ್ಡಿನ ವಿಷಯಕ್ಕೆ ಬರೋಣ, ಯಾಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ಹೋದ ವರ್ಷ ಧಾರವಾಡದಲ್ಲಿ ಕೋಚಿಂಗ್ ಸೇರಲು ಫೀಸು, ರೂಮಿನ ಅಡ್ವಾನ್ಸು ಎಂದು 26,000 ಬೇಕಿತ್ತು. ಆ ವರ್ಷ ತೆಂಗು ಕೈಕೊಟ್ಟಿತ್ತು. ಮನೆಯಲ್ಲಿ ಕೇಳುವ ಧೈರ್ಯವಿಲ್ಲ. ಆಗ ರೆಸಾರ್ಟ್‌ಗಳಿಗೆ ಒಳಾಲಂಕಾರ ಮಾಡುವವರೊಬ್ಬರು ನನ್ನ ಬಳಿಯಿದ್ದ ಬಣ್ಣದ ಹಾಳೆಯೊಂದನ್ನು ಕೇಳಿದರು. ಜೇಮ್ಸ್ ಹಂಟರ್ ಎಂಬ ಸೈನಿಕ ಚಿತ್ರಕಾರನ, 1804–05ರ ಸಂಪುಟದ್ದು. ನನ್ನಲ್ಲಿದ್ದ ಅತಿ ಚೆಂದದ ಹಾಳೆ. ಫೋನಿನಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ, ‘ಇದರಲ್ಲಿ ಹೆಣ ಗಿಣ ಇಲ್ಲ ತಾನೇ? ಊಟದ ಹಾಲ್‌ಗೆ ಹಾಕೋದು.’ ಇರಲಿಲ್ಲ. ಕೋಟೆ, ಕೆರೆ, ಮರ, ನಾಲ್ಕು ಜನ. ಕೊಟ್ಟೆ. 24,000 ಬಂತು, ಉಳಿದದ್ದನ್ನು ಗೆಳೆಯ ಸೇರಿಸಿದ. ಅವರು ಹರಿದ ನಕ್ಷೆಯನ್ನೂ ನೋಡಿದ್ದರು, ಬೇಡವೆಂದರು. ಅವರು ಬೇಡವೆಂದದ್ದಕ್ಕೆ ನನಗೆ ಖುಷಿಯೇ ಆಯಿತು. ಕೇಳಿದ್ದರೆ ಕೊಡದೆ ಇರುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಆದರೆ ನಿದ್ದೆ ಕೆಡಿಸಿದ ವ್ಯವಹಾರ ಇನ್ನೊಂದು. ದಲ್ಲಾಳಿಯೊಬ್ಬರು ಫೋನ್ ಮಾಡಿ, ಹೋಮ್‌ನ ಪುಸ್ತಕದ ಪ್ರತಿಯೊಂದು ಬಂದಿದೆ, ಕೆಲವು ಚಿತ್ರಗಳು ಹೋಗಿವೆ, ಬೈಂಡಿಂಗ್ ಗಟ್ಟಿಯಿದೆ ಎಂದರು. ಐದು ಜನ ಸೇರಿ ದುಡ್ಡು ಹಾಕಿ, ಬಿಚ್ಚಿ, ಹಂಚಿಕೊಳ್ಳೋಣ. ನನ್ನ ಪಾಲು 9,000. ಈ ಲೋಕದಲ್ಲಿ ಇದು ಮಾಮೂಲು. ಇಡೀ ಪುಸ್ತಕಕ್ಕಿಂತ ಬಿಡಿ ಹಾಳೆಗಳ ಒಟ್ಟು ಬೆಲೆ ಹೆಚ್ಚಾದಾಗ ಪುಸ್ತಕ ಉಳಿಯುವುದಿಲ್ಲ. ಚಿತ್ರ ಹೋಗುತ್ತದೆ, ಜೊತೆಗಿದ್ದ ವಿವರಣೆಯ ಪುಟಗಳು ರದ್ದಿಗೆ ಬೀಳುತ್ತವೆ. ನಾನು ಒಲ್ಲೆನೆಂದೆ. ಮೂರು ತಿಂಗಳ ಬಳಿಕ ಆನ್‌ಲೈನಿನಲ್ಲಿ ಒಬ್ಬರ ಬಳಿ ಸಾವನದುರ್ಗ, ಇನ್ನೊಬ್ಬರ ಬಳಿ ಹುತ್ರಿದುರ್ಗ ಮಾರಾಟಕ್ಕೆ ಬಂದವು. ಎರಡರ ಕೆಳಗಿನ ಬಲಮೂಲೆಯಲ್ಲೂ ಒಂದೇ ಆಕಾರದ ತೇವದ ಕಲೆ, ಒಂದರಲ್ಲಿ ತುಸು ದೊಡ್ಡದು, ಇನ್ನೊಂದರಲ್ಲಿ ಚಿಕ್ಕದು. ಪುಸ್ತಕದಲ್ಲಿ ಅಕ್ಕಪಕ್ಕ ಕೂತಿದ್ದ ಹಾಳೆಗಳು.

ಕೊಳ್ಳಲೇ ಎಂದು ಮೂರು ದಿನ ಯೋಚಿಸಿದೆ. ಪುಸ್ತಕವಂತೂ ಹೋಯಿತಲ್ಲ ಎಂದು ಮನಸ್ಸು ವಾದ ಹೂಡಿತು. ಕೊಳ್ಳಲಿಲ್ಲ. ಹಾಗೆಂದು ನಾನೇನು ಶುದ್ಧ ಎಂದು ಹೇಳಿಕೊಳ್ಳಲಾರೆ. ನನ್ನ ಹನ್ನೊಂದು ಹಾಳೆಗಳಲ್ಲಿ ಏಳರ ಎಡ ಅಂಚಿನಲ್ಲಿ ಹೊಲಿಗೆಯ ಸಣ್ಣ ತೂತುಗಳಿವೆ. ಅವೂ ಎಂದೋ ಯಾರೋ ಬಿಚ್ಚಿದ ಪುಸ್ತಕದವು. ಈಗ ಪ್ರತಿ ಹಾಳೆಯ ಹಿಂದೆ ಯಾರಿಂದ, ಯಾವ ದಿನ, ಎಷ್ಟಕ್ಕೆ, ಯಾವ ಸ್ಥಿತಿಯಲ್ಲಿ ಬಂತೆಂದು ಬರೆದ ಚೀಟಿಯನ್ನು ಬೇರೆ ಲಕೋಟೆಯಲ್ಲಿ ಇಡುತ್ತೇನೆ, ಹಾಳೆಯ ಮೇಲೆ ಪೆನ್ನು ತಾಗಿಸುವುದಿಲ್ಲ. ತಾಜಾ ಕತ್ತರಿಸಿದ್ದು ಎನ್ನಿಸಿದರೆ ಮುಟ್ಟುವುದಿಲ್ಲ.

ಆಸಕ್ತಿ ಇರುವವರಿಗೆ ಎರಡು ಮಾತು. ನೂರು ವರ್ಷ ದಾಟಿದ ಕಲಾಕೃತಿ 1972ರ ಕಾಯ್ದೆಯ ಪ್ರಕಾರ ಪುರಾವಸ್ತು. ಅದರ ವ್ಯಾಪಾರ ನಡೆಸಲು ಪರವಾನಗಿ ಬೇಕು, ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಲ್ಯಾಮಿನೇಷನ್ ಮಾತ್ರ ಖಂಡಿತ ಮಾಡಿಸಬೇಡಿ, ಟೇಪು ಹಚ್ಚಬೇಡಿ. ಆಮ್ಲವಿಲ್ಲದ ಕಾಗದದ ನಡುವೆ, ಬಿಸಿಲು ಬೀಳದ ಕಡೆ ಮಲಗಿಸಿಡಿ. ಹಳೇ ಕಾಗದ ಉಳಿಸುವುದೇ ಒಂದು ವೃತ್ತಿ ಎಂಬುದು ನನಗೆ ತಿಳಿದದ್ದೂ ಹರಿದ ನಕ್ಷೆಯ ದೆಸೆಯಿಂದ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರ ತನ್ನದೇ ಶಾಲೆಯಲ್ಲಿ ದಾಖಲೆಗಳ ನಿರ್ವಹಣೆ, ಸಂರಕ್ಷಣೆಯ ಕೋರ್ಸುಗಳನ್ನು ನಡೆಸುತ್ತದೆ. ಇತಿಹಾಸ ಓದಿದವರಿಗೆ ಮೇಷ್ಟ್ರಾಗುವುದು, ಸ್ಪರ್ಧಾತ್ಮಕ ಪರೀಕ್ಷೆ ಎರಡೇ ದಾರಿ ಎಂದುಕೊಂಡಿದ್ದ ನಾನು ದೆಹಲಿಯ ಅರ್ಜಿಯ ಪ್ರಕಟಣೆಗೆ ಕಾಯುತ್ತಿದ್ದೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಸದ್ಯಕ್ಕೆ ನನ್ನ ಕಣ್ಣು ಎಡ್ವರ್ಡ್ ಮೂರ್ 1794ರಲ್ಲಿ ಬರೆದ ಪುಸ್ತಕದ ಮೇಲಿದೆ. ಭಾವೂನ ದಂಡಿನ ಜೊತೆಗಿದ್ದ ಇಂಗ್ಲಿಷ್ ತುಕಡಿಯ ಅಧಿಕಾರಿ ಈತ, ಚಿತ್ರದುರ್ಗದ ಸೀಮೆಯಲ್ಲಿ ತಿರುಗಿದವನು. ಮುಂಬೈಯ ಅಂಗಡಿಯೊಂದರಲ್ಲಿ ಒಂದು ಪ್ರತಿ ಇದೆ, ಬೆನ್ನು ಕಿತ್ತಿದೆ, ಆದರೆ ಪುಟಗಳೆಲ್ಲ ಇವೆ. ಬಿಚ್ಚದೆ ಇಡಿಯಾಗಿ ಕೊಡಿ ಎಂದು ಬರೆದಿದ್ದೇನೆ. ಅವರು 31,000 ಎಂದಿದ್ದಾರೆ, ನಾನು ಕಂತಿನಲ್ಲಿ ಆಗುತ್ತದೆಯೇ ಎಂದು ಕೇಳಿದ್ದೇನೆ. ಉತ್ತರ ಬಂದಿಲ್ಲ.